ಐಸ್ ಮೇಲಿನ ಗುಡಾರಕ್ಕೆ ಗಾಳಿ ನುಗ್ಗದ ಹಾಗೆ ಮಾಡುವುದು ಹೇಗೆ?

ಡಿಸೆಂಬರ್ ಬಂದರೆ ಸಾಕು, ಅಮೆರಿಕದ ಮಿನೆಸೋಟ ರಾಜ್ಯದಲ್ಲಿರುವ ಕನ್ನಡದ ಓದುಗರಿಂದ ಐಸ್ ಫಿಶಿಂಗ್ ಬಗ್ಗೆ, ಅಂದರೆ ಹೆಪ್ಪುಗಟ್ಟಿದ ಸರೋವರದ ಮೇಲೆ ಕೂತು ಐಸ್‌ಗೆ ತೂತು ಕೊರೆದು ಮೀನು ಹಿಡಿಯುವುದರ ಬಗ್ಗೆ, ಅದೇ ಪ್ರಶ್ನೆ ಮತ್ತೆ ಶುರು. "ಐಸ್ ಫಿಶಿಂಗ್‌ಗೆ ಅಂತ ಒಳ್ಳೇ ಗುಡಾರ ತಗೊಂಡ್ವಿ. ಹೀಟರ್ ಕೂಡ ಇದೆ. ಆದ್ರೂ ಒಳಗೆ ಗಾಳಿ ಹೊಡೆಯುತ್ತೆ, ಕಾಲು ಮರಗಟ್ಟುತ್ತೆ. ಇನ್ನೂ ದಪ್ಪ ಬಟ್ಟೆಯದು ತಗೋಬೇಕಾ?"

ಬೇಡ, ದುಡ್ಡು ಉಳಿಸಿಕೊಳ್ಳಿ. ಬಹಳ ಸಲ ತೊಂದರೆ ಬಟ್ಟೆಯದಲ್ಲ. ಗಾಳಿ ಬರುವುದು ಕೆಳಗಿನಿಂದ, ಗುಡಾರದ ಅಂಚು ಐಸ್ ಮುಟ್ಟುವ ಜಾಗದಿಂದ. ಅದನ್ನು ಮುಚ್ಚುವುದಕ್ಕೆ ಒಂದು ಸಲಿಕೆ ಇದ್ದರೆ ಸಾಕು, ಜೊತೆಗೆ ಸ್ವಲ್ಪ ತಾಳ್ಮೆ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೀಟರ್ ಉರಿಸುವವರು ಎಲ್ಲವನ್ನೂ ಬಿಗಿಯಾಗಿ ಮುಚ್ಚಬಾರದು. ಎಲ್ಲಿ ಮುಚ್ಚಬೇಕು, ಎಲ್ಲಿ ಬಿಡಬೇಕು ಅನ್ನುವುದೇ ಈ ಲೇಖನದ ವಿಷಯ.

ಗಾಳಿಗೆ ಯಾಕಿಷ್ಟು ಮಹತ್ವ?

ಮಿನಿಯಾಪೊಲಿಸ್‌ನಿಂದ ಉತ್ತರಕ್ಕಿರುವ ಮಿಲ್ ಲ್ಯಾಕ್ಸ್ ಸರೋವರವನ್ನೇ ತೆಗೆದುಕೊಳ್ಳಿ. ಸುಮಾರು 1,32,000 ಎಕರೆ ನೀರು. ಚಳಿಗಾಲದಲ್ಲಿ ಅದು ಅಷ್ಟೂ ಬಟಾಬಯಲು. ಒಂದು ಮರವಿಲ್ಲ, ಒಂದು ಗೋಡೆಯಿಲ್ಲ. ದಡದ ಮೇಲೆ ತಣ್ಣಗೆ ಬೀಸುವ ಗಾಳಿ ಸರೋವರದ ನಡುವೆ ನಿಮ್ಮನ್ನು ತಳ್ಳುವಷ್ಟು ಜೋರಾಗಿರುತ್ತದೆ.

ಹೊರಗೆ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇದೆ, ಗಂಟೆಗೆ 24 ಕಿಲೋಮೀಟರ್ ಗಾಳಿ ಇದೆ ಅಂದುಕೊಳ್ಳಿ. ಬರಿ ಚರ್ಮಕ್ಕೆ ಅದು ಮೈನಸ್ 28ರ ಹಾಗೆ ತಾಗುತ್ತದೆ. ಇದನ್ನು ಇಲ್ಲಿನ ಹವಾಮಾನ ವರದಿಗಳಲ್ಲಿ ವಿಂಡ್ ಚಿಲ್ ಅನ್ನುತ್ತಾರೆ, ಅಂದರೆ ಗಾಳಿ ಸೇರಿ ಮೈಗೆ ತಟ್ಟುವ ಚಳಿ. ಗಾಳಿಯೊಂದನ್ನು ತಡೆದರೂ ಆ ಹತ್ತು ಡಿಗ್ರಿ ಪುಕ್ಕಟೆಯಾಗಿ ವಾಪಸ್ ಸಿಗುತ್ತದೆ, ಹೀಟರ್ ಹಚ್ಚುವ ಮೊದಲೇ.

ಇನ್ನು ಗಾಳಿಯ ನೂಕು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆರು ಅಡಿ ಅಗಲ, ಆರು ಅಡಿ ಎತ್ತರದ ಒಂದು ಗೋಡೆಗೆ ನೇರವಾಗಿ ಗಂಟೆಗೆ 48 ಕಿಲೋಮೀಟರ್ ಗಾಳಿ ಹೊಡೆದರೆ ಬೀಳುವ ಬಲ ಹೆಚ್ಚುಕಡಿಮೆ 35ರಿಂದ 40 ಕೆಜಿ. ಸಾಮಾನ್ಯ ಗುಡಾರದ ತೂಕ ಅದರ ಅರ್ಧವೂ ಇರುವುದಿಲ್ಲ. ಹಾಗಾಗಿ ಕಟ್ಟದೆ ಬಿಟ್ಟ ಗುಡಾರ ಹಾರಿ ಹೋಗುವುದರಲ್ಲಿ ಆಶ್ಚರ್ಯವೇನಿಲ್ಲ.

ನಿಮ್ಮದು ಯಾವ ಗುಡಾರ?

ಹೊತ್ತುಕೊಂಡು ಹೋಗುವ ಗುಡಾರಗಳಲ್ಲಿ ಎರಡು ಬಗೆ ಜಾಸ್ತಿ ಚಲಾವಣೆಯಲ್ಲಿವೆ.

ಒಂದು ಫ್ಲಿಪ್-ಓವರ್. ಕೆಳಗೆ ಪ್ಲಾಸ್ಟಿಕ್ ಜಾರುಬಂಡಿ, ಅದಕ್ಕೇ ಕೂರುವ ಸೀಟು. ಹಿಂದೆ ಮಡಚಿಟ್ಟ ಬಟ್ಟೆಯ ಛಾವಣಿಯನ್ನು ತಲೆಯ ಮೇಲಿನಿಂದ ಮುಂದಕ್ಕೆ ಎಳೆದುಕೊಂಡರೆ ಮುಗಿಯಿತು. ಮಿನೆಸೋಟದ ಡೇವ್ ಗೆಂಜ್ ಎಂಬ ಮೀನುಗಾರ ರೂಪಿಸಿದ 'ಫಿಶ್ ಟ್ರ್ಯಾಪ್' ಈ ಬಗೆಯದು. ಸಾಮಾನ್ಯವಾಗಿ ಒಬ್ಬರು, ಇಬ್ಬರು ಕೂರಬಹುದು. ಜಾಗ ಬದಲಿಸುತ್ತಾ ಓಡಾಡುವವರಿಗೆ ಇದೇ ಸರಿ.

ಇನ್ನೊಂದು ಹಬ್ ಗುಡಾರ. ಪ್ರತಿ ಗೋಡೆಯ ನಡುವೆ ಒಂದು ಕೀಲು ಇರುತ್ತದೆ, ಅದೇ ಹಬ್. ಅಲ್ಲಿಂದ ನಾಲ್ಕು ಕಡ್ಡಿಗಳು ನಾಲ್ಕು ಮೂಲೆಗೆ ಹೋಗುತ್ತವೆ. ಆ ಕೀಲನ್ನು ಹೊರಕ್ಕೆ ಎಳೆದರೆ ಗೋಡೆ 'ಟಪ್' ಅಂತ ಬಿಗಿದು ನಿಲ್ಲುತ್ತದೆ. ಮನೆಮಂದಿ, ಸ್ನೇಹಿತರು ಸೇರಿ ಹೋಗುವವರೆಲ್ಲ ಕೊಳ್ಳುವುದು ಇದನ್ನೇ. ಮೀನು ತಿನ್ನದವರೂ ಆಫೀಸಿನವರ ಜೊತೆ ಹರಟೆಗೆ ಅಂತ ಹೋಗಿ ಕೂರುವುದುಂಟು, ಅವರೂ ಇದರಲ್ಲೇ ಇರುತ್ತಾರೆ. ಪ್ರಶ್ನೆಗಳೆಲ್ಲ ಬರುವುದು ಇದರ ಬಗ್ಗೆಯೇ. ಅದಕ್ಕೆ ಕೆಳಗಿನ ಹಂತಗಳನ್ನು ಹಬ್ ಗುಡಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಫ್ಲಿಪ್-ಓವರ್‌ಗೆ ಬೇರೆ ಇರುವ ಕಡೆ ಹೇಳುತ್ತೇನೆ.

ಜೊತೆಗೆ ಏನೇನು ಬೇಕು?

ಗುಡಾರದ ಜೊತೆ ಬರುವ ಐಸ್ ಆಂಕರ್‌ಗಳು, ಅಂದರೆ ಐಸ್‌ಗೆ ತಿರುಗಿಸಿ ಇಳಿಸುವ ಉದ್ದ ಸ್ಕ್ರೂಗಳು. ನಾಲ್ಕೋ ಆರೋ ಕೊಟ್ಟಿರುತ್ತಾರೆ. ಇನ್ನೆರಡು ಬೇರೆ ಕೊಂಡುಕೊಳ್ಳಿ, ಒಂದಲ್ಲ ಒಂದು ಹಿಮದಲ್ಲಿ ಕಳೆದೇ ಹೋಗುತ್ತದೆ. ಅವನ್ನು ಕೈಯಲ್ಲಿ ತಿರುಗಿಸುವುದು ಕಷ್ಟ. ಮನೆಯಲ್ಲಿರುವ ಬ್ಯಾಟರಿ ಡ್ರಿಲ್‌ಗೆ ಸಿಕ್ಕಿಸುವ ಅಡಾಪ್ಟರ್ ಸಿಗುತ್ತದೆ, ತಗೊಳ್ಳಿ.

ಅಗಲ ಬಾಯಿಯ ಸಲಿಕೆ. ಒಂದು ಹಾರೆ, ಇಲ್ಲಿ ಸ್ಪಡ್ ಬಾರ್ ಅನ್ನುತ್ತಾರೆ, ದಾರಿಯಲ್ಲಿ ಐಸ್ ಕುಟ್ಟಿ ನೋಡುವುದಕ್ಕೆ. ತೂತು ಕೊರೆಯುವ ಆಗರ್. ಪುಡಿ ಐಸ್ ತೆಗೆಯುವ ಜಾಲರಿ ಸೌಟು. ನೆಲಕ್ಕೆ ಹಾಸುವ ಫೋಮ್ ಚಾಪೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ, ಬ್ಯಾಟರಿಯದು. ಕೊರಳಿಗೆ ನೇತುಹಾಕುವ ಐಸ್ ಪಿಕ್ ಒಂದು ಜೊತೆ. ಐಸ್ ಒಡೆದು ನೀರಿಗೆ ಬಿದ್ದರೆ ಅದರ ಮೊಳೆಗಳನ್ನು ಅಂಚಿಗೆ ಚುಚ್ಚಿ ಮೇಲೆ ಬರಬೇಕು.

ಹಂತ 1: ಮೊದಲು ಐಸ್, ಆಮೇಲೆ ಗುಡಾರ

ಮಿನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆಯನ್ನು ಎಲ್ಲರೂ ಡಿಎನ್‌ಆರ್ ಅಂತಲೇ ಕರೆಯುವುದು. ಅದರ ಪ್ರಕಾರ ನಡೆದು ಹೋಗಬೇಕಾದರೆ ಕನಿಷ್ಠ 4 ಇಂಚು ಐಸ್ ಇರಬೇಕು. ಅದೂ ಹೊಸದಾಗಿ ಕಟ್ಟಿದ, ಪಾರದರ್ಶಕವಾದ ಗಟ್ಟಿ ಐಸ್. ಹಿಮ ಬಿದ್ದು ನೆನೆದು ಮತ್ತೆ ಹೆಪ್ಪುಗಟ್ಟಿದ ಬಿಳಿ ಐಸ್‌ಗೆ ಅದರ ಅರ್ಧ ಬಲ ಅಷ್ಟೇ. ಅಲ್ಲಿ ದಪ್ಪ ಎರಡು ಪಟ್ಟು ಬೇಕು. ಒಂದು ಕಡೆ ಅಳೆದು ಎಲ್ಲಾ ಕಡೆ ಅಷ್ಟೇ ಇದೆ ಅಂದುಕೊಳ್ಳಬೇಡಿ. ಹಾರೆಯಲ್ಲಿ ಕುಟ್ಟುತ್ತಾ ನಡೆಯಿರಿ, ನಡುನಡುವೆ ತೂತು ಕೊರೆದು ಅಳೆಯಿರಿ.

ಗಾಳಿಗೂ ಐಸ್‌ಗೂ ಇನ್ನೊಂದು ಸಂಬಂಧ ಇದೆ. ಜೋರು ಗಾಳಿ ದೊಡ್ಡ ಸರೋವರದ ಐಸ್ ಹಾಳೆಯನ್ನೇ ಬಿರುಕು ಬಿಡಿಸಿ ದಡದಿಂದ ದೂರ ತಳ್ಳಬಲ್ಲದು. 2022ರ ನವೆಂಬರ್ ಕೊನೆಯಲ್ಲಿ ಅಪ್ಪರ್ ರೆಡ್ ಲೇಕ್‌ನಲ್ಲಿ ಐಸ್ ತುಂಡಾಗಿ ಸುಮಾರು 200 ಮೀನುಗಾರರು ಅದರ ಮೇಲೆ ಸಿಕ್ಕಿಹಾಕಿಕೊಂಡಿದ್ದರು. ಎಲ್ಲರನ್ನೂ ದಡಕ್ಕೆ ಕರೆತಂದರು. ಸೀಸನ್ ಶುರುವಿನಲ್ಲಿ, ದೊಡ್ಡ ಸರೋವರದಲ್ಲಿ, ಜೋರು ಗಾಳಿಯ ಮುನ್ಸೂಚನೆ ಇದ್ದರೆ ಹೋಗಬೇಡಿ. ಗುಡಾರ ಎಷ್ಟೇ ಚೆನ್ನಾಗಿ ಕಟ್ಟಿದರೂ ಅದಕ್ಕೆ ಉತ್ತರ ಇಲ್ಲ.

ಹಂತ 2: ಗಾಳಿಯ ದಿಕ್ಕು ನೋಡಿ, ಜಾಗ ಗುಡಿಸಿ

ಈಗ ಗಾಳಿ ಎತ್ತಕಡೆಯಿಂದ ಬರುತ್ತಿದೆ ಅನ್ನುವುದಷ್ಟೇ ಸಾಲದು. ಸಂಜೆಗೆ ಎತ್ತ ತಿರುಗುತ್ತದೆ ಅಂತಲೂ ಫೋನ್‌ನಲ್ಲಿ ನೋಡಿ. ಮಿನೆಸೋಟದಲ್ಲಿ ಶೀತಗಾಳಿಯ ಅಲೆ ದಾಟುವಾಗ ದಕ್ಷಿಣದಿಂದ ಬೀಸುತ್ತಿದ್ದ ಗಾಳಿ ವಾಯವ್ಯಕ್ಕೆ ತಿರುಗುವುದು ಮಾಮೂಲಿ, ಸಾಮಾನ್ಯವಾಗಿ ಆಗಲೇ ಅದು ಜೋರಾಗುವುದು.

ಗುಡಾರದ ಅಳತೆಗಿಂತ ಒಂದಡಿ ಜಾಸ್ತಿ ಜಾಗದಲ್ಲಿ ಹಿಮ ಗೋರಿ, ಬರಿ ಐಸ್ ಕಾಣಿಸಬೇಕು. ಸುಮ್ನೆ ಹಿಮದ ಮೇಲೆಯೇ ಗುಡಾರ ಹಾಕಿದರೆ ಹೀಟರ್ ಶಾಖಕ್ಕೆ ಅದು ಕರಗಿ ಗಂಜಿಯಾಗುತ್ತದೆ, ಬೂಟು ನೆನೆಯುತ್ತದೆ. ಗೋರಿದ ಹಿಮವನ್ನು ದೂರ ಎಸೆಯಬೇಡಿ. ಸುತ್ತಲೂ ಗುಡ್ಡೆ ಮಾಡಿಡಿ, ಅದೇ ನಿಮ್ಮ ಮುಂದಿನ ಸಾಮಗ್ರಿ.

ಹಂತ 3: ಒಂದು ಮೂಲೆ ಕಟ್ಟಿದ ಮೇಲೆಯೇ ಬಿಚ್ಚಿ

ಹೆಚ್ಚಿನ ಗುಡಾರಗಳು ಹಾರುವುದು ಇಲ್ಲೇ. ಚೀಲದಿಂದ ತೆಗೆದು, ಗೋಡೆಗಳನ್ನೆಲ್ಲ ಬಿಡಿಸಿ ನಿಲ್ಲಿಸಿ, ಆಮೇಲೆ ಸ್ಕ್ರೂ ಹುಡುಕುತ್ತಾರೆ. ಅಷ್ಟರಲ್ಲಿ ಗುಡಾರ ಕಾಲು ಕಿಲೋಮೀಟರ್ ಆಚೆ ಇರುತ್ತದೆ. ಓಡಿ ಹಿಡಿಯೋಣ ಅಂದರೆ ಐಸ್ ಮೇಲೆ ಓಡುವುದಕ್ಕೆ ಆಗಬೇಕಲ್ಲ?

ಚೀಲದಿಂದ ತೆಗೆದು ನೆಲಕ್ಕೆ ಹಾಸಿ. ಗಾಳಿ ಬರುವ ಕಡೆಗೆ ಒಂದು ಮೂಲೆ ಇರಲಿ, ಗೋಡೆ ಬೇಡ. ಗೋಡೆಗೆ ನೇರ ಹೊಡೆದರೆ ಹಬ್ ಒಳಕ್ಕೆ ಮಗುಚಿಕೊಳ್ಳುವ ಸಾಧ್ಯತೆ ಜಾಸ್ತಿ. ಮೂಲೆಯಾದರೆ ಗಾಳಿ ಸೀಳಿಕೊಂಡು ಎರಡೂ ಬದಿಗೆ ಜಾರುತ್ತದೆ. ಆ ಮೂಲೆಯ ಕುಣಿಕೆಗೆ ಮೊದಲ ಸ್ಕ್ರೂ ಇಳಿಸಿ. ಬಾಗಿಲು ಗಾಳಿಗೆ ಮರೆಯಾದ ಕಡೆ ಬರುವಂತೆ ಈಗಲೇ ತಿರುಗಿಸಿಕೊಳ್ಳಿ. ಆಮೇಲೆ ಗಾಳಿ ಕಡೆಯ ಎರಡು ಗೋಡೆ, ನಂತರ ಉಳಿದವು, ಕೊನೆಗೆ ಛಾವಣಿ. ಕೆಲವು ಕಂಪನಿಗಳ ಗುಡಾರಕ್ಕೆ ಈ ಕ್ರಮ ಬೇರೆ ಇರುತ್ತದೆ. ಅದರ ಜೊತೆ ಬಂದ ಸೂಚನೆ ಓದಿ. ಆದರೆ ಮೊದಲ ಮೂಲೆ ಕಟ್ಟುವುದು ಯಾವುದಕ್ಕೂ ತಪ್ಪಲ್ಲ.

ಹಬ್ ಎಳೆಯುವಾಗ ಅದಕ್ಕೆ ಹೊಲಿದಿರುವ ಪಟ್ಟಿ ಹಿಡಿದು ಎಳೆಯಿರಿ, ಕಡ್ಡಿ ಹಿಡಿದಲ್ಲ. ಫೈಬರ್‌ಗ್ಲಾಸ್ ಕಡ್ಡಿ ಕಡುಚಳಿಯಲ್ಲಿ ಬೇಗ ಸೀಳುತ್ತದೆ.

ಫ್ಲಿಪ್-ಓವರ್ ಇರುವವರು ಜಾರುಬಂಡಿಯ ಬೆನ್ನನ್ನು ಗಾಳಿಗೆ ಕೊಡಿ. ಮುಂಭಾಗ ಗಾಳಿಗೆ ಇದ್ದರೆ ಛಾವಣಿ ಎಳೆಯುವಾಗಲೇ ಗಾಳಿ ಒಳಗೆ ತುಂಬಿ ನಿಮ್ಮನ್ನೂ ಸೇರಿಸಿ ಎತ್ತುತ್ತದೆ. ಭಾರದ ಸಾಮಾನು ಜಾರುಬಂಡಿಯಲ್ಲೇ ಇರಲಿ.

ಹಂತ 4: ಸ್ಕ್ರೂ ಮತ್ತು ಹಗ್ಗ

ನಾಲ್ಕೂ ಮೂಲೆಗೆ ಸ್ಕ್ರೂ ಹಾಕಿ. ಈಗ ಗಾಳಿ ಇಲ್ಲದ ಕಡೆಗೂ ಹಾಕಿ, ತಿರುಗುತ್ತದೆ ಅಂತ ಆಗಲೇ ಹೇಳಿದೆನಲ್ಲ. ಆಮೇಲೆ ಗೋಡೆಯ ಹಬ್‌ಗಳಿಂದ ಹೊರಕ್ಕೆ ಹಗ್ಗ. ಮದುವೆ ಶಾಮಿಯಾನದ ಹಗ್ಗ ನೋಡಿರುತ್ತೀರಲ್ಲ, ಕಂಬದಿಂದ ದೂರಕ್ಕೆ ಓರೆಯಾಗಿ ಹೋಗಿ ಗೂಟಕ್ಕೆ ಬಿಗಿದಿರುತ್ತದೆ, ಹಾಗೆಯೇ. ಹಬ್ ನೆಲದಿಂದ ಎಷ್ಟು ಎತ್ತರ ಇದೆಯೋ ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಸ್ಕ್ರೂ ಬರಲಿ. ಆಗ ಹಗ್ಗ 45 ಡಿಗ್ರಿ ಓರೆಯಲ್ಲಿ ನಿಲ್ಲುತ್ತದೆ. ಸ್ಕ್ರೂವಿನ ತಲೆಯನ್ನು ಗುಡಾರದಿಂದ ಆಚೆಗೆ ಸ್ವಲ್ಪ ವಾಲಿಸಿ ಇಳಿಸಿ.

ಗಾಳಿಯ ಕಡೆಯ ಎರಡು ಗೋಡೆಗಾದರೂ ಹಗ್ಗ ಬೇಕೇ ಬೇಕು. ಇಲ್ಲದಿದ್ದರೆ ಏನಾಗುತ್ತದೆ ಗೊತ್ತಾ? ಪ್ರತಿ ಬೀಸಿಗೂ ಗೋಡೆ ಒಳಗೆ ಹೊರಗೆ ಪಟಪಟ ಬಡಿಯುತ್ತದೆ. ಬಡಿದಾಗೆಲ್ಲ ಕೆಳಗಿನ ಅಂಚು ಕೂದಲೆಳೆಯಷ್ಟು ಏಳುತ್ತದೆ. ಸ್ವಲ್ಪ ಹೊತ್ತಿಗೆ ನೀವು ಅದರ ಮೇಲೆ ಹಾಕಿದ ಹಿಮ ಬಿರುಕು ಬಿಟ್ಟು ಸಡಿಲವಾಗುತ್ತದೆ. ಹಿಮ ಚೆನ್ನಾಗಿಯೇ ಹಾಕಿದ್ದೆವು, ಆದರೂ ಗಾಳಿ ಬರುತ್ತಿದೆ ಅನ್ನುವವರು ಮೊದಲು ಹಗ್ಗ ನೋಡಬೇಕು.

ಹಂತ 5: ತೂತು ಕೊರೆಯುವುದು

ಬ್ಯಾಟರಿ ಅಥವಾ ಕೈ ಆಗರ್ ಆದರೆ ಈಗ ಒಳಗೆ ಕೊರೆಯಿರಿ. ಪೆಟ್ರೋಲ್ ಆಗರ್ ಆದರೆ ಗುಡಾರ ನಿಲ್ಲಿಸುವ ಮೊದಲೇ, ಬಯಲಲ್ಲಿ ಕೊರೆದು ಮುಗಿಸಬೇಕು. ಅದರ ಹೊಗೆ ಗುಡಾರದೊಳಗೆ ಒಂದು ನಿಮಿಷವೂ ಬೇಡ.

ಗೋಡೆಯಿಂದ ಎರಡಡಿ ಒಳಗೆ ತೂತು ಇರಲಿ. ಆಗರ್ ಮೇಲಕ್ಕೆತ್ತುವಾಗ ನೀರು ಉಕ್ಕಿ ಬರುತ್ತದೆ, ಅದು ಅಂಚಿಗೆ ಹರಿದರೆ ಬಟ್ಟೆ ಐಸ್‌ಗೆ ಅಂಟಿಕೊಳ್ಳುತ್ತದೆ. ಒದ್ದೆ ಪುಡಿಯನ್ನು ಬಕೆಟ್‌ಗೆ ತುಂಬಿ ಹೊರಗೆ ಸುರಿಯಿರಿ. ಎಷ್ಟು ತೂತು ಅಂದರೆ, ಮಿನೆಸೋಟದಲ್ಲಿ ಐಸ್ ಫಿಶಿಂಗ್‌ಗೆ ಒಬ್ಬರಿಗೆ ಎರಡು ಗಾಳ ಹಾಕಲು ಅನುಮತಿ ಇದೆ. ಅಷ್ಟಕ್ಕೆ ಬೇಕಾದಷ್ಟು ಸಾಕು.

ಹಂತ 6: ಅಂಚಿಗೆ ಹಿಮ, ಇದೇ ಮುಖ್ಯ

ಗುಡಾರದ ಬುಡದಲ್ಲಿ ಹೊರಕ್ಕೆ ಚಾಚಿಕೊಂಡ ಬಟ್ಟೆಯ ಪಟ್ಟಿ ಇರುತ್ತದೆ. ಅದಕ್ಕೆ ಸ್ಕರ್ಟ್ ಅನ್ನುತ್ತಾರೆ. ಬಹಳ ಜನ ಅದನ್ನು ಒಳಕ್ಕೆ ಮಡಚಿ ಬಿಡುತ್ತಾರೆ, ಅಥವಾ ಅದು ಅಲ್ಲಲ್ಲಿ ಸುಕ್ಕಾಗಿ ಮಡಚಿಕೊಂಡಿರುವುದನ್ನು ಗಮನಿಸುವುದೇ ಇಲ್ಲ. ಸುತ್ತಲೂ ಒಂದು ಸುತ್ತು ಬಂದು ಕೈಯಿಂದ ಹೊರಕ್ಕೆ ಬಿಡಿಸಿ, ಐಸ್ ಮೇಲೆ ಚಪ್ಪಟೆಯಾಗಿ ಮಲಗಿಸಿ. ಮೂಲೆಗಳಲ್ಲಿ ವಿಶೇಷ ಗಮನ ಇರಲಿ. ಎರಡು ಪಟ್ಟಿ ಸೇರುವಲ್ಲಿ ಬೆರಳು ತೂರುವಷ್ಟು ಸಂದು ಇರುತ್ತದೆ, ಗಾಳಿಗೆ ಅಷ್ಟು ಸಾಕು.

ಈಗ ಸಲಿಕೆ. ಗಾಳಿ ಬರುವ ಕಡೆಯಿಂದ ಶುರು ಮಾಡಿ. ಪಟ್ಟಿಯ ಮೇಲೆ ಐದಾರು ಇಂಚು ಎತ್ತರಕ್ಕೆ ಒಣ ಹಿಮ ಹಾಕಿ. ಬೂಟಿನ ಪಕ್ಕದಿಂದ ಒತ್ತಿ, ಗೋಡೆಗೆ ಒದೆಯಬೇಡಿ. ಒತ್ತುವಾಗ ಹಿಮ ಕರಕರ ಅನ್ನುವುದು ನಿಂತು ಗಟ್ಟಿಯಾಗುವುದು ಕಾಲಿಗೇ ಗೊತ್ತಾಗುತ್ತದೆ. ಹಾಗೆ ಕದಡಿ ಒತ್ತಿದ ಹಿಮ ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಕಚ್ಚಿಕೊಂಡು ಕಟ್ಟೆಯಾಗುತ್ತದೆ. ಆಮೇಲೆ ಇನ್ನೊಂದು ಪದರ.

ಒದ್ದೆ ಹಿಮವನ್ನಾಗಲಿ, ತೂತಿನಿಂದ ತೆಗೆದ ನೀರುಗಂಜಿಯನ್ನಾಗಲಿ ಪಟ್ಟಿಯ ಮೇಲೆ ಹಾಕಬೇಡಿ. ಗಾಳಿಯನ್ನು ಅದು ಚೆನ್ನಾಗಿಯೇ ತಡೆಯುತ್ತದೆ, ನಿಜ. ಆದರೆ ಸಂಜೆ ಗುಡಾರ ಎತ್ತುವಾಗ ಪಟ್ಟಿ ಕಲ್ಲಿನೊಳಗೆ ಹೂತ ಹಾಗೆ ಕೂತಿರುತ್ತದೆ. ಎಳೆದರೆ ಹೊಲಿಗೆ ಸಮೇತ ಹರಿಯುತ್ತದೆ. ಅಂಗಡಿಯಲ್ಲಿ ದುರಸ್ತಿಗೆ ಬರುವ ಗುಡಾರಗಳಲ್ಲಿ ಸ್ಕರ್ಟ್ ಹರಿದವೇ ಕಣ್ಣಿಗೆ ಜಾಸ್ತಿ ಬೀಳುತ್ತವೆ.

ಹಿಮವೇ ಬಿದ್ದಿಲ್ಲದಿದ್ದರೆ? ಸೀಸನ್ ಶುರುವಿನಲ್ಲಿ ಬರಿ ಗಾಜಿನಂಥ ಐಸ್ ಇರುತ್ತದೆ. ಆಗ ಪಟ್ಟಿಯನ್ನು ಒಳಕ್ಕೆ ಮಡಚಿ, ಅದರ ಮೇಲೆ ಫೋಮ್ ಚಾಪೆಯ ಅಂಚು ಕೂರಿಸಿ, ಮೇಲೆ ಬಕೆಟ್, ಗಾಳದ ಸಾಮಾನಿನ ಪೆಟ್ಟಿಗೆ, ಬ್ಯಾಟರಿ ಹೇರಿ. ಪಟ್ಟಿ ಒಳಗಿರಬೇಕಾದದ್ದು ಇದೊಂದೇ ಸಂದರ್ಭದಲ್ಲಿ.

ಹಂತ 7: ಸೋರಿಕೆ ಹುಡುಕಿ

ಒಳಗೆ ಹೋಗಿ ಬಾಗಿಲು ಹಾಕಿ, ಕೈಗವಸು ತೆಗೆದು ಮಂಡಿಯೂರಿ ಕುಳಿತುಕೊಳ್ಳಿ. ಟಿಶ್ಯೂ ಕಾಗದದ ಒಂದು ಎಳೆ ಹಿಡಿದು ಅಂಚಿನುದ್ದಕ್ಕೂ ಸರಿಸಿ. ಎಲ್ಲಿ ಅಲುಗುತ್ತದೋ ಅಲ್ಲಿ ಹೊರಗಿನಿಂದ ಇನ್ನೊಂದು ಸಲಿಕೆ ಹಿಮ. ಊದುಬತ್ತಿ ಹಚ್ಚಿ ನೋಡೋಣ ಅಂತ ನಮ್ಮವರಿಗೆ ತಕ್ಷಣ ಹೊಳೆಯುತ್ತದೆ, ಬೇಡ. ಈ ಬಟ್ಟೆಗೆ ಕಿಡಿ ತಾಗಿದರೆ ತೂತು ಬಿತ್ತು ಅಂತಲೇ ಲೆಕ್ಕ.

ಅಂಚು ಆದ ಮೇಲೆ ಬಾಗಿಲಿನ ಜಿಪ್‌ನ ಬುಡ, ಕಿಟಕಿಯ ಪ್ಲಾಸ್ಟಿಕ್ ಹಾಳೆಯ ಅಂಚು ನೋಡಿ. ಕಿಟಕಿ ಹಾಳೆಗಳು ವೆಲ್ಕ್ರೋದಲ್ಲಿ ಅಂಟಿರುತ್ತವೆ. ಚಳಿಗೆ ಅವು ಸೆಟೆದು ಸುಲಭವಾಗಿ ಒಡೆಯುತ್ತವೆ, ಮನೆಯಲ್ಲೇ ಬೆಚ್ಚಗೆ ಅಂಟಿಸಿಕೊಂಡು ಹೋಗಿ.

ಹಂತ 8: ಹೀಟರ್ ಮತ್ತು ಬಿಡಬೇಕಾದ ಗಾಳಿ

ಗುಡಾರದ ಮೇಲ್ಭಾಗದಲ್ಲಿ ಚಿಕ್ಕ ಗವಾಕ್ಷಿಗಳಿರುತ್ತವೆ, ವೆಂಟ್ ಅನ್ನುತ್ತಾರೆ. ಗಾಳಿ ಬರುತ್ತೆ ಅಂತ ಅವಕ್ಕೆ ಟವೆಲ್ ತುರುಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ರೊಪೇನ್ ಹೀಟರ್ ಉರಿಯುವುದಕ್ಕೆ ಆಮ್ಲಜನಕ ಬೇಕು. ಅದು ಕಡಿಮೆಯಾದ ಹಾಗೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬಂದರೆ ಚಳಿಗೆ ಅಂದುಕೊಂಡು ಕೂರಬೇಡಿ. ತಕ್ಷಣ ಎಲ್ಲರೂ ಹೊರಗೆ ಬನ್ನಿ.

ಗಾಳಿಗೆ ಮರೆಯಾದ ಕಡೆ ಮೇಲಿನ ವೆಂಟ್ ಒಂದು ತೆರೆದಿರಲಿ. ಅದೇ ಕಡೆಯ ಬಾಗಿಲ ಜಿಪ್ಪನ್ನು ಬುಡದಿಂದ ಸ್ವಲ್ಪ ಎತ್ತಿಡಿ. ಕೆಳಗಿನಿಂದ ಹೊಸ ಗಾಳಿ ಬಂದು ಮೇಲಿನಿಂದ ಹಬೆ ಹೋಗುತ್ತದೆ. ಮರೆಯ ಕಡೆಯಾದ್ದರಿಂದ ಅದು ಮೈಗೆ ಹೊಡೆಯುವುದಿಲ್ಲ. ಹಬೆ ಹೋಗದಿದ್ದರೆ ಅದು ಛಾವಣಿಯಲ್ಲಿ ಹೆಪ್ಪುಗಟ್ಟಿ ಆಮೇಲೆ ಕತ್ತಿನ ಮೇಲೆ ತೊಟ್ಟಿಕ್ಕುತ್ತದೆ.

ಆಮ್ಲಜನಕ ಕಡಿಮೆಯಾದರೆ, ಮಗುಚಿ ಬಿದ್ದರೆ ತಾನೇ ಆರುವ ಹೀಟರ್ ಮಾತ್ರ ತಗೊಳ್ಳಿ. ಹಾಗಿದ್ದರೂ ಅಲಾರಂ ಬಿಡಬೇಡಿ. ಹೀಟರನ್ನು ಐಸ್ ಮೇಲೆ ನೇರ ಇಡದೆ ಹಲಗೆಯ ಮೇಲಿಡಿ, ಗೋಡೆಯಿಂದ ದೂರ. ಅದನ್ನು ಹಚ್ಚಿಕೊಂಡೇ ನಿದ್ದೆ ಮಾಡಬೇಡಿ.

ಕಾಲು ಮರಗಟ್ಟುವುದಕ್ಕೆ ಇನ್ನೊಂದು ಕಾರಣ ಐಸ್ ಮೇಲೆಯೇ ಬೂಟು ಇಟ್ಟು ಕೂರುವುದು. ಫೋಮ್ ಚಾಪೆ ಹಾಸಿ. ಅರ್ಧ ದೂರು ಅಲ್ಲಿಗೇ ನಿಲ್ಲುತ್ತದೆ.

ಬಿಟ್ಟು ಹೋಗುವ ಮುನ್ನ

ಮಿನೆಸೋಟದಲ್ಲಿ ಮಡಚುವ ಗುಡಾರಕ್ಕೆ ನೀವು ಹತ್ತಿರ ಇರುವವರೆಗೆ ಬೇರೆ ಪರವಾನಗಿ ಬೇಡ. 200 ಅಡಿಗಿಂತ ದೂರ ಹೋದರೆ ಅದು ಯಾರೂ ಇಲ್ಲದ ಗುಡಾರ ಅಂತ ಲೆಕ್ಕ, ಆಗ ಪರವಾನಗಿ ಬೇಕು. ಬೇರೆಯವರ ಗುಡಾರದಿಂದ 10 ಅಡಿಯೊಳಗೆ ಹಾಕುವಂತಿಲ್ಲ. ಮೀನು ಹಿಡಿಯುವ ಲೈಸೆನ್ಸ್ ಬೇರೆಯೇ, ಅದಂತೂ ಬೇಕು. ಪಕ್ಕದ ರಾಜ್ಯಗಳ ನಿಯಮ ಬೇರೆ ಬೇರೆ, ಗಡಿ ದಾಟುವ ಮೊದಲು ನೋಡಿಕೊಳ್ಳಿ.

ಎತ್ತುವಾಗ

ಮೊದಲು ಹೀಟರ್ ಆರಿಸಿ ತಣಿಯಲು ಬಿಡಿ. ಪಟ್ಟಿಯ ಮೇಲಿನ ಹಿಮವನ್ನು ಸಲಿಕೆಯ ಬೆನ್ನಿನಿಂದ ಮೆಲ್ಲಗೆ ತಟ್ಟಿ ಒಡೆಯಿರಿ, ಚೂಪು ತುದಿ ಬಟ್ಟೆಗೆ ತಾಗಬಾರದು. ಎಲ್ಲಾದರೂ ಅಂಟಿದ್ದರೆ ಸುತ್ತಲಿನ ಐಸನ್ನೇ ಸ್ವಲ್ಪ ಕುಟ್ಟಿ, ತುಂಡಿನ ಸಮೇತ ಎತ್ತಿ. ಮನೆಯಲ್ಲಿ ಅದು ತಾನೇ ಕರಗುತ್ತದೆ. ಮೊದಲು ಛಾವಣಿ ಇಳಿಸಿ, ಆಮೇಲೆ ಗೋಡೆಗಳನ್ನು ಒಳಕ್ಕೆ ತಳ್ಳಿ, ಗಾಳಿಯ ಕಡೆಯದು ಕೊನೆಗೆ. ಆ ಮೊದಲ ಮೂಲೆಯ ಸ್ಕ್ರೂ ತೆಗೆಯುವುದು ಎಲ್ಲ ಮಡಚಿ ಕಟ್ಟಿದ ಮೇಲೆ. ಜಿಪ್ ಹೆಪ್ಪುಗಟ್ಟಿದ್ದರೆ ಬಲವಂತ ಬೇಡ, ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ. ಕಸ ಒಂದು ಚೂರೂ ಐಸ್ ಮೇಲೆ ಬಿಡಬೇಡಿ, ಅದಕ್ಕೂ ದಂಡ ಇದೆ.

ಮನೆಗೆ ಬಂದ ರಾತ್ರಿಯೇ ಗುಡಾರವನ್ನು ಗ್ಯಾರೇಜಿನಲ್ಲಿ ಬಿಚ್ಚಿ ಹರವಿ. ಚೀಲದಲ್ಲೇ ಬಿಟ್ಟರೆ ಬೂಷ್ಟು ಹಿಡಿದು ವಾಸನೆ ಬರುತ್ತದೆ. ಸ್ಕ್ರೂಗಳನ್ನು ಒರೆಸಿ ಎಣಿಸಿ ಇಡಿ. ಕಡಿಮೆ ಇದ್ದರೆ ಈಗಲೇ ಕೊಂಡುಕೊಳ್ಳಿ, ಶನಿವಾರ ಬೆಳಿಗ್ಗೆ ಸರೋವರದ ಪಕ್ಕದ ಅಂಗಡಿಯಲ್ಲಿ ಖಾಲಿಯಾಗಿರುತ್ತವೆ.